ಇನ್ನೇನಾದ್ರೂ ಹೇಳೋದಿದೆಯಾ?

ನಮ್ಮ ಬೆಟ್ಟದೂರು ತೇರ್ಸ್-ಬುಲಾಕಿನಲ್ಲಿ ಪ್ರಶ್ನೆ ಕೇಳುವುದನ್ನೇ ಕೆಲಸ ಮಾಡಿಕೊಂಡಿದ್ದ ಮನುಷ್ಯನೊಬ್ಬನಿದ್ದ. ಹೆಸರು ಸಬಿರ್‌ಕುಲ್, ಹುಲ್ಲುಗಾವಲು ಸಮಿತಿಯ ಗುಮಾಸ್ತ. ಮೂವತ್ತೊಂದು ವರ್ಷ ಅದೇ ಕುರ್ಚಿ, ಅದೇ ಕಿಟಕಿ, ಎಡಗಡೆ ಒಲೆ, ಬಲಗಡೆ ಚಹಾದ ಕೆಟಲ್. ಮೇ ತಿಂಗಳ ಮೊದಲ ವಾರ ‘ಬರೆಸುವ ದಿನ’ ಬಂತೆಂದರೆ ಸುತ್ತಲಿನ ಕಣಿವೆಗಳಿಂದ ದನಗಾಹಿ ಕುರಿಗಾಹಿಗಳೆಲ್ಲ ಕುದುರೆ ಏರಿ ಬರುತ್ತಿದ್ದರು. ಕುರಿ ಎಷ್ಟು, ಕುದುರೆ ಎಷ್ಟು, ಯಾವ ಕುದುರೆಗೆ ಎಷ್ಟು ವಯಸ್ಸು ಎಂದು ಬರೆಸದೆ ಯಾರೂ ಬೇಸಿಗೆಯ ಮೇಲಿನ ಹುಲ್ಲಿಗೆ ಮಂದೆ ಹೊಡೆಯುವಂತಿಲ್ಲ. ಬರೆಸಿಕೊಳ್ಳುವವನು ಸಬಿರ್‌ಕುಲ್.

ಬರೆದುಕೊಳ್ಳುವುದೇನು ಮಹಾ ವಿದ್ಯೆ ಎನ್ನಬೇಡಿ. ನಮ್ಮ ಜನರ ಬಾಯಿಂದ ಒಂದು ನೇರ ಉತ್ತರ ತೆಗೆಯುವುದೆಂದರೆ ಹಿಮದಲ್ಲಿ ಸೂಜಿ ಹುಡುಕಿದ ಹಾಗೆ. ‘ಕುರಿ ಎಷ್ಟಿದೆ?’ ಎಂದು ಮುಖಕ್ಕೆ ಕೇಳಿ ನೋಡಿ, ‘ದೇವರ ದಯೆ, ಇದೆ’ ಎಂದು ಗಡ್ಡ ನೀವಿಕೊಳ್ಳುತ್ತಾರೆ. ಸಬಿರ್‌ಕುಲ್ ಹಾಗೆ ಕೇಳುತ್ತಿರಲಿಲ್ಲ. ಮೊದಲು ಸಲಾಂ. ಆಮೇಲೆ ‘ಮಾಲ್-ಜಾನ್ ಅಮಾನೇ?’ ಅಂದರೆ ಮಂದೆ, ಮನೆಮಂದಿ ಎಲ್ಲ ಕ್ಷೇಮವೇ ಎಂದು. ಅವರು ‘ಅಮಾನ್, ಅಮಾನ್’ ಎಂದಮೇಲೆ ಚಹಾ, ರೊಟ್ಟಿ, ಕೆನೆ. ಅದು ಹೊಟ್ಟೆಗಿಳಿದಮೇಲೆ ಮೆಲ್ಲಗೆ, ‘ಹೋದ ವರ್ಷ ಆ ಬಿಳಿ ಕಾಲಿನದು ತಾಯ್ ಇತ್ತಲ್ಲ, ಈಗ ಕುನಾನ್ ಆಯ್ತಾ?’ ಎನ್ನುವನು. ಕುದುರೆಯ ವಯಸ್ಸನ್ನು ನಮ್ಮಲ್ಲಿ ಅಂಕಿಯಲ್ಲಿ ಯಾರು ಹೇಳುತ್ತಾರೆ? ಆ ವರ್ಷದ ಮರಿ ಕುಲುನ್, ಎರಡನೆಯ ವರ್ಷದ್ದು ತಾಯ್, ಮೂರನೆಯದರಲ್ಲಿ ಕುನಾನ್, ನಾಲ್ಕರಲ್ಲಿ ಬಿಶ್ತಿ. ಹಾಲು ಕುಡಿಯುವ ಕೂಸಿಗೂ ಗೊತ್ತು.

ಎಲ್ಲ ಮುಗಿದಮೇಲೆ ಪೆನ್ನನ್ನು ಕಾಗದದಿಂದ ಒಂದು ಬೆರಳು ಮೇಲೆತ್ತಿ ಹಿಡಿದು ಅವನು ಕಡೆಯ ಪ್ರಶ್ನೆ ಕೇಳುತ್ತಿದ್ದ: ‘ಇನ್ನೇನಾದ್ರೂ ಹೇಳೋದಿದೆಯಾ?’ ಆಗ ಬರುತ್ತಿತ್ತು ನೋಡಿ ನಿಜವಾದ ಸಂಗತಿ. ಮೇಲಿನ ಸೇತುವೆಯ ಹಲಗೆ ಕೊಳೆತಿದೆ. ಎರಡು ತೋಳ ಈ ಕಡೆಗೆ ಬಂದಿವೆ. ಸೊಸೆಗೆ ದಿನ ತುಂಬಿದೆ, ಈ ಸಲ ತಡವಾಗಿ ಏರುತ್ತೇವೆ. ಎಲ್ಲವನ್ನೂ ಕಡೆಯ ಅಂಕಣದಲ್ಲಿ ಗುಂಡಗೆ ಬರೆದು, ‘ಬರ್ಕೊಂಡೆ, ಹೋಗ್ಬನ್ನಿ’ ಎಂದು ಕಳಿಸುತ್ತಿದ್ದ. ಆ ಅಂಕಣವೆಂದರೆ ಅವನಿಗೆ ಪ್ರಾಣ.

ಇಂಥ ಮನುಷ್ಯನಿಗೆ ಒಂದೇ ಒಂದು ರೋಗವಿತ್ತು. ಹೊಟ್ಟೆಕಿಚ್ಚು. ಅದೂ ಊರಿಗೆಲ್ಲ ಅಲ್ಲ, ಒಬ್ಬನ ಮೇಲೆ ಮಾತ್ರ. ಅವನ ಓರಗೆಯ ಎಸೆನ್‌ತುರ್ ಮೇಲೆ.

ಇಬ್ಬರೂ ಒಂದೇ ವರ್ಷ ಹುಟ್ಟಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಓರಗೆಯವರೆಂದರೆ ನಮ್ಮಲ್ಲಿ ಏನು ಬೇಕಾದರೂ ಅನ್ನಬಹುದು. ಅನ್ನಿಸಿಕೊಂಡವನು ಮುಖ ಊದಿಸಿದರೆ ಅವನೇ ಸೋತಂತೆ. ಎಸೆನ್‌ತುರ್ ಲೆಕ್ಕದಲ್ಲಿ ಮೊದಲಿಗ. ಎಂಟನೆಯ ತರಗತಿಯಲ್ಲಿ ಅವನ ಫೋಟೋ ಶಾಲೆಯ ಗೋಡೆಗೆ ಏರಿತು, ಇವತ್ತಿಗೂ ಇಳಿದಿಲ್ಲ. ಮುಂದೆ ಅದೇ ಶಾಲೆಗೆ ಲೆಕ್ಕದ ಮೇಷ್ಟ್ರಾದ. ಅವನ ಹಿತ್ತಲಿನ ಆಲೂಗಡ್ಡೆ ಮುಷ್ಟಿಗಾತ್ರ, ಸಬಿರ್‌ಕುಲ್‌ನದು ಗೋಲಿಗಾತ್ರ, ಮಧ್ಯೆ ಒಂದೇ ಬೇಲಿ. ಮಣ್ಣೂ ಅದೇ, ನೀರೂ ಅದೇ! ಆದರೂ ಸಬಿರ್‌ಕುಲ್ ಒಂದನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದ: ಬರೆಸುವ ದಿನ ಎಸೆನ್‌ತುರ್ ಕೂಡ ತನ್ನ ಒಂದು ಹಸು, ಏಳು ಕುರಿಯನ್ನು ಬರೆಸಲು ತನ್ನ ಮುಂದೆ ಟೋಪಿ ತೆಗೆದು ಕೂರಬೇಕು. ವರ್ಷಕ್ಕೆ ಹದಿನೈದು ನಿಮಿಷ. ಆ ಹದಿನೈದು ನಿಮಿಷ ಅವನಿಗೆ ಸಾಕಾಗಿತ್ತು.

ನಿವೃತ್ತನಾದ ಎಸೆನ್‌ತುರ್ ಸುಮ್ಮನೆ ಕೂರಬೇಡವೇ? ಕೂರಲಿಲ್ಲ. ಚಳಿಗಾಲವಿಡೀ ಮಗಳ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತು ಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕಲಿತ. ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಆ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಸಮಿತಿಯ ಕಚೇರಿಗೇ ಬಂದ. ಸಮಿತಿಯ ಅಧ್ಯಕ್ಷೆ ಬರ್ಮೆತ್, ಒಂದು ಕಾಲಕ್ಕೆ ಅವನ ಶಿಷ್ಯೆ, ಎದ್ದು ನಿಂತು ಕುರ್ಚಿ ಕೊಟ್ಟಳು. ಸಬಿರ್‌ಕುಲ್‌ಗೆ ಆ ಕುರ್ಚಿ ಕೊಟ್ಟದ್ದೇ ಕಣ್ಣಿಗೆ ಚುಚ್ಚಿತು.

‘ನೋಡಮ್ಮಾ, ಇದು ಪ್ರಶ್ನೆ ಕೇಳುತ್ತೆ. ಕೇಳಿ ಅಲ್ಲೇ ನಿಂತ್ಕೊಳ್ಳುತ್ತೆ. ನೀನು ಉತ್ತರ ಒತ್ತಿ ಎಂಟರ್ ಕೊಡೋ ತನಕ ಒಂದು ಹೆಜ್ಜೆ ಮುಂದಕ್ಕೆ ಹೋಗಲ್ಲ. ಹತ್ತು ವರ್ಷ ಆದ್ರೂ ಕಾಯುತ್ತೆ’ ಎಂದ ಎಸೆನ್‌ತುರ್.

‘ಚಹಾ ಕೊಡುತ್ತಾ?’ ಎಂದ ಸಬಿರ್‌ಕುಲ್ ತನ್ನ ಕಿಟಕಿಯಿಂದಲೇ.

‘ಕೊಡಲ್ಲ ಕಣೋ ಕುಳ್ಳ. ಕುಡಿಯೋದೂ ಇಲ್ಲ. ನಿನ್ನ ಹಾಗೆ ಊರಿನ ಕೆಟಲೆಲ್ಲ ಖಾಲಿ ಮಾಡಲ್ಲ.’

ಬರ್ಮೆತ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಕಪ್ಪು ಪರದೆಯ ಮೇಲೆ ‘ಹೆಸರು?’ ಎಂದು ಬಂತು, ಪಕ್ಕದಲ್ಲಿ ಒಂದು ಗೆರೆ ಮಿಟುಕಿಸುತ್ತ ನಿಂತಿತು. ಅವಳು ಹೆಸರು ಒತ್ತಿದಳು. ‘ಕುದುರೆಯ ವಯಸ್ಸು?’ ಐದು. ‘ಕುರಿ ಎಷ್ಟು?’ ನಲವತ್ತು. ಮುಗಿಯಿತು. ಒಂದು ನಿಮಿಷವೂ ಆಗಿರಲಿಲ್ಲ.

‘ಇದಕ್ಕೆ ನೀನು ಏನು ಕೊಟ್ರೂ ಬರೀ ಅಕ್ಷರ’ ಎಂದು ಎಸೆನ್‌ತುರ್ ಮೇಷ್ಟ್ರ ದನಿಯಲ್ಲಿ ವಿವರಿಸಿದ. ‘ಐದು ಅಂತ ಒತ್ತಿದ್ರೂ ಅದು ಐದಲ್ಲ, ಐದರ ಚಿತ್ರ ಅಷ್ಟೇ. ಕೂಡೋಕೆ ಬರಲ್ಲ. ಅದಕ್ಕೇ ಈ ಸಾಲಲ್ಲಿ, ಬಂದಿದ್ದನ್ನ ಅಂಕಿ ಮಾಡ್ಕೋ ಅಂತ ಹೇಳಿದೀನಿ.’

‘ಯಾರಾದ್ರೂ ಅಂಕಿ ಬಿಟ್ಟು ಇನ್ನೇನಾದ್ರೂ ಒತ್ತಿದ್ರೆ, ಬಾಯ್ಕೆ?’ ಎಂದಳು ಬರ್ಮೆತ್. ದೊಡ್ಡವರನ್ನು ಅವಳು ಬಾಯ್ಕೆ ಎಂದೇ ಕರೆಯುವುದು.

‘ವಯಸ್ಸು ಕೇಳಿದ್ರೆ ಅಂಕಿ ತಾನೇ ಹೇಳೋದು! ಮತ್ತೇನು ಹಾಡು ಹೇಳ್ತಾರಾ?’

ಸಬಿರ್‌ಕುಲ್‌ನ ಕಿವಿ ನೆಟ್ಟಗಾಯಿತು. ಮೂವತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಮುದುಕ, ಒಬ್ಬಳೇ ಒಬ್ಬ ಮುದುಕಿ ಕುದುರೆಯ ವಯಸ್ಸನ್ನು ಅವನಿಗೆ ಅಂಕಿಯಲ್ಲಿ ಹೇಳಿದ್ದಿಲ್ಲ. ಎಸೆನ್‌ತುರ್‌ಗೂ ಕುನಾನ್ ಗೊತ್ತು, ಬಿಶ್ತಿ ಗೊತ್ತು. ಆದರೆ ಲೆಕ್ಕದ ತಲೆ, ಪರದೆಯ ಮುಂದೆ ಕೂತರೆ ಅಂಕಿ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಅವನು ಚಳಿಗಾಲವಿಡೀ ತಾನೇ ಪ್ರಶ್ನೆ ಕೇಳಿಕೊಂಡು ತಾನೇ ಉತ್ತರ ಕೊಟ್ಟು ನೋಡಿದ್ದಾನೆ. ತನ್ನಂಥವನಲ್ಲದ ಒಬ್ಬನಿಂದಲೂ ಒತ್ತಿಸಿ ನೋಡಿಲ್ಲ.

ಅಷ್ಟರಲ್ಲಿ ಎಸೆನ್‌ತುರ್ ತಾನಾಗಿಯೇ ಅವನ ಕಡೆ ತಿರುಗಿದ. ‘ಏನೋ, ಇಷ್ಟು ವರ್ಷ ಕೇಳಿದವನು ನೀನು. ಸುಮ್ಮನೆ ಕೂತಿದೀಯಲ್ಲ. ನಾನೇನಾದ್ರೂ ಬಿಟ್ಟಿದೀನಾ? ಹೇಳೋ.’

ಗೇಲಿಯಿಲ್ಲದೆ ಕೇಳಿದ್ದ. ಒಂದೇ ಒಂದು ಪದ ಸಾಕಿತ್ತು. ಆ ಪದ ಸಬಿರ್‌ಕುಲ್‌ನ ನಾಲಿಗೆಯ ತುದಿಗೂ ಬಂತು. ಆದರೆ ಬರ್ಮೆತ್ ಅದೇ ಕ್ಷಣ ‘ಮುಂದಿನ ವರ್ಷದಿಂದ ಸಬಿರ್‌ಕುಲ್ ಬಾಯ್ಕೆಗೂ ವಿಶ್ರಾಂತಿ ಸಿಗುತ್ತೆ’ ಎಂದುಬಿಟ್ಟಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಇವನು ಆ ಪದವನ್ನು ನುಂಗಿದ. ಗೋಡೆಯ ಫೋಟೋ ಅವನದು, ಆಲೂಗಡ್ಡೆ ಅವನದು, ಈಗ ನನ್ನ ಕುರ್ಚಿಯೂ ಅವನಿಗೆ!

‘ನನಗೇನು ಗೊತ್ತು? ನಾನೇನು ಲೆಕ್ಕದ ಮೇಷ್ಟ್ರಾ?’ ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ.

ಬರೆಸುವ ದಿನ ಬಂತು. ಲ್ಯಾಪ್‌ಟಾಪನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದರು. ಮೊದಲು ಕೂತವರೆಲ್ಲ ಫೋನು ತಿಕ್ಕಿ ಬೆರಳು ಪಳಗಿದ ಹರೆಯದವರು. ಎಸೆನ್‌ತುರ್ ಪಕ್ಕದಲ್ಲೇ ನಿಂತು ‘ಅಂಕಿ ಹಾಕಪ್ಪಾ, ಹಾಂ, ಎಂಟರ್’ ಎನ್ನುತ್ತಿದ್ದ. ಹದಿನಾಲ್ಕು ಜನ ಅರ್ಧ ಗಂಟೆಯಲ್ಲಿ ಎದ್ದುಹೋದರು. ಜನ ‘ಮೇಷ್ಟ್ರೇ, ಭಲೇ!’ ಎಂದರು. ಸಬಿರ್‌ಕುಲ್ ಕಿಟಕಿಯ ಬಳಿ ಕೈಕಟ್ಟಿ ಕೂತಿದ್ದ. ಅವನ ದೊಡ್ಡ ಪುಸ್ತಕ ಮೇಜಿನ ಖಾನೆಯೊಳಗಿತ್ತು. ಹೊಗಳಿಸಿಕೊಂಡು ಉಬ್ಬಿದ ಎಸೆನ್‌ತುರ್ ಒಂದು ಬಟ್ಟಲು ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಆಗ ಕೂತವಳು ಊಲ್ಕಾನ್, ಊರಿಗೆಲ್ಲ ಅಪಾ, ಅಂದರೆ ಅಕ್ಕ. ಎಪ್ಪತ್ತು ದಾಟಿದ ಮುದುಕಿ, ಹೊಳೆಯ ಆಚೆ ಚಳಿಗಾಲದ ಹಟ್ಟಿಯಲ್ಲಿ ಇರುವವಳು. ಮಗ ಹೆಂಡತಿಯನ್ನು ಹೆರಿಗೆಗೆಂದು ನರಿನ್ ಪಟ್ಟಣಕ್ಕೆ ಕರೆದೊಯ್ದಿದ್ದ, ಹಟ್ಟಿಯಲ್ಲಿ ಇವಳೊಬ್ಬಳೇ. ಕೆಂಪು ಹೆಣ್ಣು ಕುದುರೆಗೆ ಚೊಚ್ಚಲ ಬಸಿರು, ಇಂದೋ ನಾಳೆಯೋ. ಮಧ್ಯಾಹ್ನವಾದರೆ ಮೇಲಿನ ಹಿಮ ಕರಗಿ ಹೊಳೆ ಏರುತ್ತದೆ, ಅದಕ್ಕೆ ಮುಂಚೆ ವಾಪಸು ದಾಟಬೇಕೆಂದು ಬೆಳಕು ಹರಿಯುವ ಮೊದಲೇ ಹೊರಟು ಬಂದಿದ್ದಳು. ‘ಕುದುರೆಯ ವಯಸ್ಸು?’ ಎಂದು ಪರದೆ ಕೇಳಿತು. ತಾನು ಏರಿ ಬಂದ ಕುದುರೆಯನ್ನು ಕಿಟಕಿಯಿಂದ ಒಮ್ಮೆ ನೋಡಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ನಮ್ಮಲ್ಲಿ ಯಾರಾದರೂ ಹೇಳುವ ಹಾಗೆಯೇ ಅವಳು ‘ಕುನಾನ್’ ಎಂದು ಒತ್ತಿದಳು.

ಪರದೆಯ ತುಂಬ ಅರ್ಥವಾಗದ ಸಾಲುಗಳು ದಬದಬ ಸುರಿದು ಪ್ರೋಗ್ರಾಂ ನಿಂತುಹೋಯಿತು. ಎಸೆನ್‌ತುರ್ ಓಡಿ ಬಂದ. ಮುಖ ಸುಣ್ಣವಾಯಿತು. ಎಲ್ಲರದೂ ಮುಗಿದಮೇಲೆ ಒಟ್ಟಿಗೆ ಉಳಿಸಿಕೊಳ್ಳುವ ಹಾಗೆ ಬರೆದಿದ್ದನಂತೆ ಪುಣ್ಯಾತ್ಮ. ಹದಿನಾಲ್ಕು ಜನ ಹೇಳಿದ್ದೂ ಹೋಗಿತ್ತು.

‘ಅಯ್ಯೋ, ನಾನು ಮುರಿದೆನೇನಪ್ಪಾ?’ ಎಂದಳು ಊಲ್ಕಾನ್, ಎರಡೂ ಕೈ ಎದೆಗೆ ಒತ್ತಿಕೊಂಡು. ‘ನನ್ನ ಒರಟು ಕೈ... ನಿನ್ನ ವಸ್ತು ಹಾಳಾಯ್ತಾ?’

‘ಇಲ್ಲ ಅಪಾ, ತಪ್ಪು ನನ್ನದು. ನೀವು ಕೂತಿರಿ’ ಎಂದ ಅವನು. ಅವಳು ಕೂತಳು. ತಾನು ಕೆಡಿಸಿದ್ದು ಸರಿಯಾಗದೆ ಎದ್ದು ಹೋಗುವುದು ಹೇಗೆ ಎಂದು ಮರ್ಯಾದಸ್ಥೆ ಹೆಂಗಸು ಅಲ್ಲೇ ಕೂತಳು. ಎಸೆನ್‌ತುರ್ ಬೆವರುತ್ತ ಸರಿಪಡಿಸಿದ, ಇನ್ನೊಬ್ಬ ಮುದುಕ ‘ದೇವರ ದಯೆ’ ಎಂದು ಒತ್ತಿದ, ಮತ್ತೆ ನಿಂತಿತು. ಜನ ಈಗ ಹೊಟ್ಟೆ ಹಿಡಿದು ನಗುತ್ತಿದ್ದರು. ಸಬಿರ್‌ಕುಲ್‌ಗೆ, ಸುಳ್ಳೇಕೆ ಹೇಳಬೇಕು, ಬಿಸಿ ಸಾರು ಕುಡಿದಷ್ಟು ಹಿತವಾಯಿತು. ಪುಸ್ತಕ ಕೈಗೆಟಕುವಲ್ಲೇ ಇತ್ತು. ಊಲ್ಕಾನಳದು ಮೂರು ಸಾಲು, ಐದು ನಿಮಿಷದ ಕೆಲಸ. ಅವನು ಕೈ ಬಿಚ್ಚಲಿಲ್ಲ. ಬರಲಿ, ಬಂದು ಕೇಳಲಿ, ಬೇಡಿಕೊಳ್ಳಲಿ ಎಂದು ಕೂತ.

ಒಂದೂವರೆಗೆ ಬರ್ಮೆತ್ ಬಂದು ಕೇಳಿದಳು. ಆಗ ತೆಗೆದ ನೋಡಿ ಪುಸ್ತಕವನ್ನು, ಪಟ್ಟಕ್ಕೇರಿದ ಹಾಗೆ! ಅವಸರವೇನೂ ಇಲ್ಲ. ಒಬ್ಬೊಬ್ಬರಿಗೂ ಸಲಾಂ, ಒಬ್ಬೊಬ್ಬರಿಗೂ ಚಹಾ, ಎಸೆನ್‌ತುರ್ ನೋಡುತ್ತಿರಲಿ ಎಂದೇ ಇನ್ನಷ್ಟು ನಿಧಾನ. ಊಲ್ಕಾನಳ ಸರದಿ ಮುಗಿಯುವ ಹೊತ್ತಿಗೆ ಮೂರು ದಾಟಿತ್ತು. ‘ಇನ್ನೇನಾದ್ರೂ ಹೇಳೋದಿದೆಯಾ, ಅಪಾ?’ ಎಂದು ಅವಳಿಗೂ ಕೇಳಿದ. ‘ಹೊಳೆ ಏರಿತೇನೋಪ್ಪಾ’ ಎಂದಳು. ಅವನು ಅದನ್ನೂ ಬರೆದುಕೊಂಡ.

ಹೊಳೆ ಏರಿತ್ತು. ಅವಳು ನಾದಿನಿಯ ಮನೆಯಲ್ಲಿ ಉಳಿದು ಮರುದಿನ ಬೆಳಿಗ್ಗೆ ದಾಟಿದಳು. ಕೆಂಪು ಕುದುರೆಯ ಮರಿ ಮುಂಗಾಲು ಮಡಚಿಕೊಂಡು ಅಡ್ಡ ಬಂದಿತ್ತು, ಕೈ ಹಾಕಿ ಎಳೆಯುವವರಿಲ್ಲದೆ ಸತ್ತಿತ್ತು. ತಾಯಿ ಉಳಿಯಿತು, ಅಷ್ಟೇ.

ಸುದ್ದಿ ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಬರ್ಮೆತ್ ‘ಕುರ್ಚಿ ನಿಮ್ಮದೇ, ಬಾಯ್ಕೆ’ ಎಂದಾಗಿತ್ತು. ಗೆದ್ದಿದ್ದ. ಗೆದ್ದವನು ಆ ಕುರ್ಚಿಯಲ್ಲೇ ಕೂತು ಊಲ್ಕಾನಳ ಮೂರು ಸಾಲನ್ನು ತಿರುತಿರುಗಿ ಓದುತ್ತಿದ್ದ. ಇತ್ತ ಎಸೆನ್‌ತುರ್, ಜೀವಮಾನದಲ್ಲಿ ನೆಟ್ಟಗೆ ಕುದುರೆ ಹತ್ತಲು ಬಾರದವನು, ಯಾರದೋ ಕುದುರೆ ಕೇಳಿ ತೆಗೆದುಕೊಂಡು, ಹೊಳೆ ದಾಟಿ, ಸೊಂಟದವರೆಗೆ ನೆನೆದು, ಮುದುಕಿಯ ಮುಂದೆ ತಲೆ ತಗ್ಗಿಸಿ ತಪ್ಪಾಯಿತೆಂದು ಹೇಳಿ ಬಂದ. ಊರೆಲ್ಲ ಅದೇ ಮಾತು: ‘ಎಂಥ ಮನುಷ್ಯ ನಮ್ಮ ಮೇಷ್ಟ್ರು!’

ಅದನ್ನು ಕೇಳಿ ಸಬಿರ್‌ಕುಲ್‌ಗೆ ಏನಾಯಿತು ಗೊತ್ತೇ? ಹೊಟ್ಟೆ ಉರಿಯಿತು. ಮತ್ತೆ! ತಪ್ಪು ತನ್ನದು, ಅರ್ಧಕ್ಕಿಂತ ಹೆಚ್ಚು ತನ್ನದು. ಅದನ್ನು ಒಪ್ಪಿಕೊಂಡ ಹೆಸರೂ ಅವನಿಗೇ ಹೋಯಿತಲ್ಲ! ಹಾಗೆ ಯೋಚಿಸಿದ್ದಕ್ಕೆ ಅವನಿಗೇ ತನ್ನ ಮೇಲೆ ಅಸಹ್ಯ ಬಂತು. ಬಂದರೂ ಉರಿ ಆರಲಿಲ್ಲ.

ಮರುವಾರ ಎಸೆನ್‌ತುರ್ ಬೇಲಿ ಬಳಿ ಬಂದು ನಿಂತ. ‘ಲೋ ಕುಳ್ಳ, ನಿನ್ನ ಹಳೇ ಪುಸ್ತಕ ಕೊಡೋ.’

‘ಯಾಕೆ? ಕುರ್ಚಿ ಸಿಗಲಿಲ್ಲ ಅಂತ ಪುಸ್ತಕ ಬೇಕಾ?’

‘ಕುರ್ಚಿ ನಿನ್ನ ಹತ್ರಾನೇ ಇಟ್ಕೋ, ಜೊತೆಗೆ ಹೂತು ಹಾಕ್ತೀವಿ. ನನಗೆ ಕೇಳೋಕೆ ಬರಲ್ಲ ಕಣೋ. ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿದೀನಿ, ಉತ್ತರ ಗೊತ್ತಿದ್ದೇ ಹಾಕ್ತಿದ್ದೆ. ಗೊತ್ತಿಲ್ಲದ್ದನ್ನ ಕೇಳೋದು ನಿನಗೆ ಮಾತ್ರ ಬರುತ್ತೆ. ಕಲಿಸ್ತೀಯಾ?’

ಐವತ್ತು ವರ್ಷ ಈ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು. ಈಗ ಬಂತು, ರುಚಿಯೇ ಇಲ್ಲದೆ ಬಂತು. ಸಬಿರ್‌ಕುಲ್ ಒಳಗೆ ಹೋಗಿ ಪುಸ್ತಕಗಳನ್ನು ತಂದು ಬೇಲಿಯ ಮೇಲಿಂದ ಕೊಟ್ಟ.

ಹತ್ತು ದಿನ ಕಳೆದಮೇಲೆ ಎಸೆನ್‌ತುರ್ ಅವನನ್ನು ಮನೆಗೆ ಕರೆದ. ಬೆಳಗಿನ ಬಿಸಿಲು, ಕಿಟಕಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್. ‘ಈ ಸಲ ನಾನು ಒತ್ತಲ್ಲ. ನೀನು ಒತ್ತು. ನಿನ್ನ ಕಪ್ಪು ಹೆಣ್ಣು ಕುದುರೇನ ಬರೆಸು. ನಾನು ಪಕ್ಕದಲ್ಲಿ ನಿಂತ್ರೆ ಬಾಯಿ ಹಾಕ್ತೀನಿ, ಸೌದೆ ಒಡೆಯೋಕೆ ಹೋಗ್ತೀನಿ’ ಎಂದು ಹೊರಟುಹೋದ.

‘ಸಲಾಂ. ಮಾಲ್-ಜಾನ್ ಅಮಾನೇ?’ ಎಂದಿತು ಪರದೆ.

ಅವನದೇ ಮಾತು. ‘ಅಮಾನ್’ ಎಂದು ಒತ್ತಿದ. ಹೆಸರು ಕೇಳಿತು, ಹೇಳಿದ. ‘ಕುದುರೆ ಈಗ ಏನಾಗಿದೆ? ತಾಯಾ, ಕುನಾನಾ, ಬಿಶ್ತಿಯಾ? ಅಂಕಿ ಹೇಳಿದರೂ ಸರಿ’ ಎಂದಿತು. ಬೇಕೆಂದೇ ‘ಹಾಡು’ ಎಂದು ಒತ್ತಿದ. ಪ್ರೋಗ್ರಾಂ ಈ ಸಲ ನಿಂತುಹೋಗಲಿಲ್ಲ. ‘ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ’ ಎಂದು ತಾಳ್ಮೆಯಿಂದ ಮತ್ತೆ ಕೇಳಿತು. ಚೆನ್ನಾಗಿತ್ತು. ದರಿದ್ರದ್ದು, ತುಂಬ ಚೆನ್ನಾಗಿತ್ತು. ಸರಿಯಾದ ವಯಸ್ಸು ಕೊಟ್ಟ. ಕುರಿಯ ಲೆಕ್ಕ ಕೊಟ್ಟ.

ಕಡೆಗೆ ಬಂತು: ‘ಇನ್ನೇನಾದ್ರೂ ಹೇಳೋದಿದೆಯಾ?’

ಗೆರೆ ಮಿಟುಕಿತು. ಮತ್ತೆ ಮಿಟುಕಿತು. ಮೂವತ್ತೊಂದು ವರ್ಷ ಊರಿಗೆಲ್ಲ ಅವನು ಕೇಳಿದ್ದ ಪ್ರಶ್ನೆ. ಅವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದು ಒಂದೇ ಸಲ, ಏಪ್ರಿಲಿನಲ್ಲಿ, ‘ನಾನೇನಾದ್ರೂ ಬಿಟ್ಟಿದೀನಾ, ಹೇಳೋ’ ಎಂದು ಎಸೆನ್‌ತುರ್. ಹೊರಗೆ ಕೊಡಲಿಯ ಏಟು ಕೇಳುತ್ತಿತ್ತು. ಹತ್ತು ವರ್ಷ ಆದರೂ ಕಾಯುತ್ತದೆ ಎಂದು ಅವನು ಅಂದದ್ದು ನೆನಪಾಯಿತು.

ಒಂದು ಬೆರಳಿನಿಂದ ಒತ್ತಿದ: ‘ಕುನಾನ್ ಎಂದು ಒತ್ತುತ್ತಾರೆಂದು ಏಪ್ರಿಲಿನಲ್ಲೇ ನನಗೆ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಹೇಳಲಿಲ್ಲ. ಪುಸ್ತಕವೂ ಕೈಯಲ್ಲೇ ಇತ್ತು.’ ಎಂಟರ್ ಕೊಟ್ಟ.

‘ಬರ್ಕೊಂಡೆ. ಹೋಗ್ಬನ್ನಿ’ ಎಂದಿತು ಪರದೆ.

ಅವನು ಹೋಗಲಿಲ್ಲ. ಎಸೆನ್‌ತುರ್ ಸೌದೆಯ ಹೊರೆ ಇಳಿಸಿ ಬಂದು, ಕೈ ಒರೆಸಿಕೊಂಡು, ಬಗ್ಗಿ ಓದಿದ. ಎರಡು ಸಲ ಓದಿದನೆಂದು ಕಾಣುತ್ತದೆ. ಬೈಯಲಿಲ್ಲ. ಕುಳ್ಳ ಎನ್ನಲೂ ಇಲ್ಲ.

‘ಒಂದು ಸಾಲು ತಾನೇ, ಅಳಿಸಬಹುದು’ ಎಂದ.

‘ಬೇಡ.’

‘ಹಾಗಾದ್ರೆ ಇದು ನನಗೆ ಹೇಳೋ ಮಾತಲ್ಲ. ಹೊಳೆ ಮಧ್ಯಾಹ್ನದ ತನಕ ಇಳಿದಿರುತ್ತೆ.’

ಸಬಿರ್‌ಕುಲ್ ಇನ್ನೊಂದು ಬದಿಯ ನೆರೆಯವನ ಕುದುರೆ ಏರಿ, ತನ್ನ ಕಪ್ಪು ಹೆಣ್ಣು ಕುದುರೆಯನ್ನು ಹಿಂದೆ ಕಟ್ಟಿಕೊಂಡು ಹೊರಟ. ಅವನಿಗೆ ಇದ್ದದ್ದು ಅದೊಂದೇ ಕುದುರೆ, ಅದಕ್ಕೂ ದಿನ ತುಂಬಿತ್ತು. ತಾಯಿ ಮರಿ ಎರಡನ್ನೂ ಕೊಟ್ಟುಬಿಡುವುದೆಂದು ಮನಸ್ಸು ಮಾಡಿದ್ದ.

ಊಲ್ಕಾನ್ ಅಪಾ ಹಟ್ಟಿಯ ಮುಂದೆ ಹಾಲಿನ ಪಾತ್ರೆ ತೊಳೆಯುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ, ಬಂದವರನ್ನು ಕೇಳುವ ಹಾಗೆ, ‘ಬಾಪ್ಪಾ ಸಬಿರ್‌ಕುಲ್. ಮಾಲ್-ಜಾನ್ ಅಮಾನೇ?’ ಎಂದಳು.

ಅಮಾನ್ ಎನ್ನಲು ಆಗಲಿಲ್ಲ. ‘ಇಲ್ಲ ಅಪಾ’ ಎಂದ. ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದ. ಫೋಟೋ, ಕುರ್ಚಿ, ನಾಲಿಗೆಯ ತುದಿಯಲ್ಲಿ ತಡೆದ ಪದ, ಖಾನೆಯೊಳಗಿದ್ದ ಪುಸ್ತಕ, ಬೇಕೆಂದೇ ನಿಧಾನವಾಗಿ ಸುರಿದ ಚಹಾ. ಅವಳ ಕೆಂಪು ಕುದುರೆ ಗೂಟದ ಬಳಿ ಖಾಲಿ ಹೊಟ್ಟೆ ಹೊತ್ತು ನಿಂತಿತ್ತು.

ಅವನು ನಿಲ್ಲಿಸಿದಮೇಲೆ ಕೇಳಿದಳು: ‘ಇನ್ನೇನಾದ್ರೂ ಹೇಳೋದಿದೆಯಾ?’

‘ಇಲ್ಲ’ ಎಂದು ಕಪ್ಪು ಕುದುರೆಯ ಹಗ್ಗವನ್ನು ಅವಳ ಕೈಗಿಟ್ಟ.

ಮುದುಕಿ ಎದ್ದು ಬಂದು ಕಪ್ಪು ಕುದುರೆಯ ಹೊಟ್ಟೆಯ ಕೆಳಗೆ ಕೈಯಿಟ್ಟು ನೋಡಿದಳು. ಹಗ್ಗವನ್ನು ತಿರುಗಿ ಅವನ ಕೈಗೇ ಕೊಟ್ಟಳು.

‘ಇದಕ್ಕೆ ಇವತ್ತೋ ನಾಳೆನೋ. ತನ್ನ ಲಾಯದಲ್ಲೇ ಈಯಲಿ, ನೀನು ಹತ್ರ ಇರು’ ಎಂದಳು. ‘ಬೇಗ ಹೊರಡು. ಹೊಳೆ ಏರುತ್ತೆ.’